ತಾರೀಕು ಬರೆದಿಟ್ಟುಕೊಳ್ಳಿ

ಓದುಗರ ಪತ್ರ: ಕಬ್ಬಿನ ಗಾಡಿ ಏರು ಹತ್ತಲಾಗದೆ ಎತ್ತು ಮಂಡಿಯೂರಿ ಕುಸಿಯಿತು. ಗಾಡಿಯವನು ಮೊಳೆ ಹೊಡೆದ ಕೋಲಿನಿಂದ ತಿವಿಯುತ್ತಲೇ ಇದ್ದ. ನೊಗದಡಿ ಹೆಗಲು ಒಡೆದು ರಕ್ತ ಸೋರುತ್ತಿತ್ತು. ಫೋಟೊ ಹಿಡಿದು ಠಾಣೆಗೆ ಹೋದರೆ ಪಶು ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿನ ಡಾಕ್ಟರು, ಪೊಲೀಸರು ಬರೆದುಕೊಟ್ಟರೆ ನೋಡುತ್ತೇನೆ ಎಂದರು. ಈ ಕಾನೂನು ಯಾಕಾದರೂ ಇದೆ?
— ಮಂಡ್ಯ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ: ಇದೆ, ಆದರೆ ಬಡಕಲು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಆ ಕಾಲಕ್ಕೆ ಅದು ದುಡ್ಡು. ಇವತ್ತು ಗಾಡಿಯವನು ಎರಡು ಟೀ ಕುಡಿದರೆ ಮುಗಿಯಿತು.

ಪೊಲೀಸರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಹೆಚ್ಚು ಹೇರುವುದು, ಹೊಡೆಯುವುದು ಠಾಣೆಯ ಭಾಷೆಯಲ್ಲಿ ‘ಎನ್‌ಸಿ’, ಅಂದರೆ ನಾನ್-ಕಾಗ್ನಿಜಬಲ್ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ. ಹಾಗೆಂದು ನಿಮ್ಮನ್ನು ಬರಿಗೈಯಲ್ಲಿ ಕಳಿಸುವಂತೆಯೂ ಇಲ್ಲ. ದೂರನ್ನು ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು. ಅದೇ ಕಾಯ್ದೆಯ 34ನೇ ಕಲಂ ಪ್ರಕಾರ ಕಾನ್‌ಸ್ಟೆಬಲ್‌ಗಿಂತ ಮೇಲಿನ ಯಾವ ಪೊಲೀಸರಾದರೂ ಎತ್ತನ್ನು ವಶಕ್ಕೆ ತೆಗೆದುಕೊಂಡು ಪಶುವೈದ್ಯರ ಮುಂದೆ ನಿಲ್ಲಿಸಬಹುದು. ಅಂದರೆ ಡಾಕ್ಟರು ಕೇಳಿದ ಕಾಗದ ಬರಬೇಕಿದ್ದದ್ದು ಅದೇ ಠಾಣೆಯಿಂದ! ಇನ್ನು ಎತ್ತಿಗೆ ವಿಷವಿಟ್ಟರೆ, ಕೊಂದರೆ, ಕೈಲಾಗದಂತೆ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ಐದು ವರ್ಷದವರೆಗೆ ಜೈಲು, ಅಲ್ಲಿ ‘ಎನ್‌ಸಿ’ ಮಾತೇ ನಡೆಯುವುದಿಲ್ಲ.

ಗಾಡಿಯವನ ಮೇಲೆ ನನಗೆ ನಿಮ್ಮಷ್ಟು ಸಿಟ್ಟಿಲ್ಲ. ನಮ್ಮ ಮನೆಯಲ್ಲೂ ಗಾಡಿ ಹೊಡೆದವರಿದ್ದರು; ಟನ್ ಲೆಕ್ಕದ ಬಾಡಿಗೆ ಬಂದ ಮೇಲೆ ಮೇಲೊಂದು ಹೊರೆ ಎಸೆಯದೆ ಯಾರೂ ಹೊರಟಿಲ್ಲ. ಎಳೆಯುವ ಪ್ರಾಣಿಗಳಿಗೆಂದೇ 1965ರ ನಿಯಮಗಳಿವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು, ಮೊಳೆ ಕೋಲು ಬಳಸಲೇಬಾರದು. ಹೇರಿಗೂ ಮಿತಿಯುಂಟು. ಅದಕ್ಕೆ ಸಾಕ್ಷಿ ಹುಡುಕಿಕೊಂಡು ಹೋಗಬೇಕೇ? ಕಾರ್ಖಾನೆಯ ಗೇಟಿನಲ್ಲೇ ಪ್ರತಿ ಗಾಡಿ ವೇಬ್ರಿಜ್ ಹತ್ತುತ್ತದೆ, ಚೀಟಿ ಹರಿದು ಕೊಡುತ್ತಾರೆ. ಹಂಗಾಮಿನುದ್ದಕ್ಕೂ ಅಪರಾಧದ ತೂಕ ಕಂಪ್ಯೂಟರಿನಲ್ಲಿ ದಾಖಲಾಗುತ್ತಿರುತ್ತದೆ, ಕೇಳುವವರಿಲ್ಲ ಅಷ್ಟೇ.

ಹಾಗಾಗಿ ಕೇಳಬೇಕಾದ್ದು ಅಧಿಕಾರಿಗಳನ್ನು. ಬಾಯಲ್ಲಿ ಬೇಡ. ದೂರು ಬರೆದು ಕೊಡಿ, ಒಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಆಗಲ್ಲ ಎಂದರೆ ಹಿಂಬರಹ, ಅಂದರೆ ಬರವಣಿಗೆಯಲ್ಲೇ ಉತ್ತರ ಕೇಳಿ. “ಇದು ನಮ್ಮ ಕೆಲಸ ಅಲ್ಲ” ಎಂದು ಸಲೀಸಾಗಿ ಹೇಳುವವರೂ ಅದನ್ನೇ ಬರೆದು ಸಹಿ ಹಾಕಿ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಠಾಣೆ ಅಲುಗದಿದ್ದರೆ ಅದೇ ಪ್ರತಿ ಎಸ್ಪಿ ಕಚೇರಿಗೆ ಹೋಗಲಿ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು. ಎರಡು ವರ್ಷದಲ್ಲಿ ಅದರ ಸಭೆ ಎಷ್ಟಾಯಿತು, ನಡವಳಿ ಎಲ್ಲಿದೆ, ಕಬ್ಬಿನ ಗಾಡಿಗಳ ತಪಾಸಣೆ ಎಷ್ಟು ಸಲ ನಡೆಯಿತು ಎಂದು ಜಿಲ್ಲಾಧಿಕಾರಿ ಕಚೇರಿಗೇ ಕೇಳಿ. ಉತ್ತರಕ್ಕೆ 30 ದಿನ ಗಡುವು, ಶುಲ್ಕ 10 ರೂಪಾಯಿ. ಹೌದು, ಎತ್ತಿನ ಹೆಗಲು ಒಡೆದದ್ದಕ್ಕೂ ಕನಿಷ್ಠ ದರ ಅಷ್ಟೇ.

ತಡ ಮಾತ್ರ ಮಾಡಬೇಡಿ. ಕಾಯ್ದೆಯ 36ನೇ ಕಲಂ ಪ್ರಕಾರ ಘಟನೆ ನಡೆದು ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತಿಲ್ಲ. ಠಾಣೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಠಾಣೆಗೆ ನಿಮ್ಮನ್ನು ಅಲೆಸಿದಷ್ಟೂ ಆ ಲೆಕ್ಕ ಓಡುತ್ತಿರುತ್ತದೆ. ನಿಮ್ಮ ಪತ್ರದಲ್ಲಿ ತಾರೀಕೇ ಇಲ್ಲ. ಫೋನಿನ ಫೋಟೊದಲ್ಲಿರುತ್ತದೆ, ತೆಗೆದು ನೋಡಿ. ಅಲ್ಲಿಂದ ಎಣಿಸಿ.

— ಸಂ.