ಹಳೇ ಮನೆಗೆ ಹೊಸ ಪೇಂಟ್ ಕಂಡರೆ ಅನುಮಾನಪಡಿ

ಪ್ರಶ್ನೆ: ಉಡುಪಿ ಹತ್ತಿರ ಸುಮಾರು ಅರುವತ್ತು ವರ್ಷ ಹಳೆಯ ಕೆಂಪುಕಲ್ಲಿನ ಹಂಚಿನ ಮನೆ ನೋಡಿದ್ದೇವೆ. ಗೋಡೆಯ ಕೆಳಭಾಗದಲ್ಲಿ ಗಾರೆ ಉದುರುತ್ತಿದೆ. ಹಿಂದುಗಡೆ ಕಾಂಪೌಂಡಿಗೆ ತಾಗಿಸಿ ತಾರಸಿ ಕೋಣೆ ಕಟ್ಟಿದ್ದಾರೆ, ಅದಕ್ಕೆ ಲೈಸೆನ್ಸ್ ಇಲ್ಲ. ರಿಜಿಸ್ಟ್ರೇಶನ್‌ಗೆ ಮೊದಲು ವಾಟರ್‌ಪ್ರೂಫ್ ಪೇಂಟ್ ಹೊಡೆಸಿಕೊಡುತ್ತೇನೆ, ಕೋಣೆ ಅಕ್ರಮ-ಸಕ್ರಮದಲ್ಲಿ ಆಗ್ತದೆ ಎನ್ನುತ್ತಾರೆ ಮಾಲೀಕರು. ತೆಗೆದುಕೊಳ್ಳಬಹುದೇ? (ಕಟಪಾಡಿಯಿಂದ)

ಉತ್ತರ: ಪೇಂಟ್ ಬೇಡ ಎಂದು ಇವತ್ತೇ ಫೋನ್ ಮಾಡಿ ಹೇಳಿ. ಕಲೆ ಮಾಯವಾದರೆ ನಿಮ್ಮ ಕೈಯಲ್ಲಿರುವ ಸಾಕ್ಷಿಯೂ ಹೋಯಿತು. ಪ್ರತಿ ಬೇಸಗೆಯಲ್ಲಿ ಇದೇ ಪ್ರಶ್ನೆ ಬರುತ್ತದೆ. ಮನೆಯನ್ನು ಮಾರ್ಚ್‌ನಲ್ಲಿ ತೋರಿಸುತ್ತಾರೆ, ಕೊಂಡವರು ಮಳೆ ಸುರಿಯುವ ಆಟಿ ತಿಂಗಳಲ್ಲಿ ಅಳುತ್ತಾರೆ. ಸಾಧ್ಯವಿದ್ದರೆ ಜುಲೈಯಲ್ಲಿ ಒಮ್ಮೆ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ನೆಲದಿಂದ ಮೊಣಕಾಲು, ಸೊಂಟದವರೆಗೆ ಒಂದೇ ಸಮನಾದ ಪಟ್ಟಿಯಾಗಿ ತೇವ, ಮೇಲೆ ಬಿಳಿ ಉಪ್ಪು ಇದ್ದರೆ ಅದು ಅಡಿಯಿಂದ ಏರಿದ ನೀರು. ನೈಋತ್ಯದ ಗೋಡೆಯಲ್ಲಿ ಮಾತ್ರ, ಕಿಟಕಿಯ ಸುತ್ತ ಮಾತ್ರ ಇದ್ದರೆ ಗಾಳಿಮಳೆ. ಏಪ್ರಿಲ್‌ನಲ್ಲೂ ಒಂದೇ ಜಾಗ ಒದ್ದೆಯಿದ್ದರೆ ಪೈಪ್. ಸಂಶಯವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿ ಹನಿ ಕೂತರೆ ನೀರು ಗೋಡೆಯದು, ಹೊರಬದಿ ಕೂತರೆ ಕೋಣೆಯ ಗಾಳಿಯದು.

ನೀವು ಹೇಳಿದ ಲಕ್ಷಣ ಅಡಿಯಿಂದ ಏರುವ ನೀರಿನದು. ಹಾಗಿದ್ದರೆ ಅಂಗಳಕ್ಕೆ ಹೋಗಿ ನೋಡಿ. ರಸ್ತೆ ಎತ್ತರವಾಯಿತೆಂದು ಮಣ್ಣು ತುಂಬಿಸಿ, ಅದರ ಮೇಲೆ ಇಂಟರ್‌ಲಾಕ್ ಹಾಸಿರುತ್ತಾರೆ. ಅಂಗಳ ಒಳಗಿನ ನೆಲದ ಮಟ್ಟಕ್ಕೆ ಬಂದಿರುತ್ತದೆ. ಅದು ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ತಗ್ಗಿನಲ್ಲಿರಬೇಕು, ಮಾಡಿನ (ಛಾವಣಿಯ) ನೀರು ಬೀಳುವಲ್ಲಿ ಚರಂಡಿ ಇರಬೇಕು. ಇದನ್ನು ಸರಿಮಾಡದೆ ಒಳಗೆ ಏನು ಬಳಿದರೂ ದಂಡ.

ಆಮೇಲೆ ಗೋಡೆ. ಕೆಂಪುಕಲ್ಲು ನೀರು ಕುಡಿಯುತ್ತದೆ, ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಬಿಗಿದರೆ ಬಿಡಲು ದಾರಿಯಿಲ್ಲ, ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಅದನ್ನು ತಳ್ಳಿ ಬೀಳಿಸುತ್ತದೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಗಾರೆ ಕೆತ್ತಿಸಿ. ಕಲ್ಲಿನ ಸಂದುಗಳನ್ನು ಮುಕ್ಕಾಲು ಇಂಚು ಕೆರೆಸಿ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಗೆ ಹಾಗೇ ಬಿಡಿ. ನಂತರ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಮೇಲೆ ಸುಣ್ಣ. ನಾಲ್ಕು ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುವ, ಗೋಡೆಗೆ 'ಕೆಮಿಕಲ್' ಚುಚ್ಚುವ ಜಾದೂಗಾರರನ್ನು ಗೇಟಿನ ಹೊರಗೇ ನಿಲ್ಲಿಸಿ.

ತಾರಸಿ ಕೋಣೆಯೇ ನಿಜವಾದ ತಲೆನೋವು. ಸ್ಲ್ಯಾಬ್‌ಗೆ ಕಂಬ ಇದೆಯೋ, ಹಳೇ ಕೆಂಪುಕಲ್ಲಿನ ಗೋಡೆಯಲ್ಲಿ ನಾಲ್ಕಿಂಚು ಕೊರೆದು ಕೂರಿಸಿದ್ದಾರೋ ನೋಡಿ. ಎರಡನೆಯದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವ ತನಕ ಮಾತುಕತೆ ನಿಲ್ಲಿಸಿ. ಸೀಲಿಂಗನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು, ಹಿಗ್ಗಿ, ಕಾಂಕ್ರೀಟನ್ನು ಸಿಡಿಸಿದೆ. ಅದರ ಮೇಲೆ ಪುಟ್ಟಿ ಮೆತ್ತುವುದು ರಿಪೇರಿಯಲ್ಲ. ಸರಳಿನ ಹಿಂದೆ ಒಂದಿಂಚು ಜಾಗ ಸಿಗುವಷ್ಟು ಒಡೆದು, ಲೋಹ ಹೊಳೆಯುವಂತೆ ಉಜ್ಜಿ, ಸವೆದಲ್ಲಿ ಹೊಸ ಸರಳು ಸೇರಿಸಿ, ಪಾಲಿಮರ್ ಮಾರ್ಟರ್ ತುಂಬಬೇಕು. ಕಡಲ ಬದಿಯ ಮನೆಯಾದರೆ ಕಾಂಕ್ರೀಟಿನ ಪುಡಿ ತೆಗೆಸಿ ಕ್ಲೋರೈಡ್ (ಉಪ್ಪಿನಂಶದ) ಪರೀಕ್ಷೆ ಮಾಡಿಸಿ. ಉಪ್ಪುಮರಳಿನಲ್ಲಿ ಕಟ್ಟಿದ್ದರೆ ಯಾವ ರಿಪೇರಿಯೂ ಹೆಚ್ಚು ದಿನ ನಿಲ್ಲುವುದಿಲ್ಲ.

ಇನ್ನು ಸಕ್ರಮದ ಕಥೆ. ನಗರ ಪ್ರದೇಶದ ಕಟ್ಟಡಗಳ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ಹೆಸರು ಹೇಳಿ ಮನೆ ಮಾರುವುದು ಮಾತ್ರ ನಿಂತಿಲ್ಲ. ಎಷ್ಟು ವರ್ಷ ಕಳೆದರೂ, ಅಧಿಕಾರಿಗಳು ಕಣ್ಣುಮುಚ್ಚಿ ಕೂತಿದ್ದರೂ ಅನಧಿಕೃತ ಕಟ್ಟಡ ಅಧಿಕೃತವಾಗುವುದಿಲ್ಲ ಎಂದು ಅದೇ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿದೆ. ನೋಟಿಸ್ ಬರುವಾಗ ಮನೆ ನಿಮ್ಮದಾಗಿರುತ್ತದೆ. ಮನೆ ತೆರಿಗೆಯ ರಶೀದಿ ತೋರಿಸಿದರೆ ನಂಬಬೇಡಿ. ತೆರಿಗೆ ಕಟ್ಟಿದ್ದು ಪರವಾನಿಗೆಯಲ್ಲ. ಹಳೇ ಮನೆಗೆ ನಕ್ಷೆ ಸಿಗದಿರುವುದು ಸಹಜ, ಆ ಕಾಲದ ತೆರಿಗೆ ದಾಖಲೆಯ ನಕಲು ತೆಗೆಸಿ. ಹೊಸ ಕೋಣೆಗೆ ಆ ನೆಪ ನಡೆಯುವುದಿಲ್ಲ. ಕ್ರಯ ಮಾತಾಡುವಾಗ ಆ ಕೋಣೆಯನ್ನು ಸೊನ್ನೆ ಅಡಿ ಎಂದು ಲೆಕ್ಕ ಹಾಕಿ, ಕೆಡವುವ ಖರ್ಚನ್ನೂ ಕಳೆಯಿರಿ. ಇಲ್ಲವೇ ಅವರೇ ಕೆಡವಿ ಕೊಡಬೇಕೆಂದು ಕರಾರಿನಲ್ಲಿ ಬರೆಸಿ. ಎರಡಕ್ಕೂ ಒಪ್ಪದಿದ್ದರೆ ಬೇರೆ ಮನೆ ನೋಡಿ ಮಾರಾಯ್ರೆ.

ಪ್ರಶ್ನೆ: ಬ್ಯಾಂಕ್ ಲೋನ್ ಕೊಡಲು ಒಪ್ಪಿದೆ. ಹಾಗಾದರೆ ಎಲ್ಲ ಸರಿ ಇದೆ ಅಲ್ಲವೇ?

ಬ್ಯಾಂಕ್ ನೋಡುವುದು ತನ್ನ ಸಾಲ ವಸೂಲಾಗುತ್ತದೋ ಎಂದು.

ಪ್ರಶ್ನೆ: ಪಕ್ಕಾಸಿಗೆ (ಹಂಚು ಹೊತ್ತ ಮರದ ತೊಲೆಗೆ) ಗೆದ್ದಲು ಹಿಡಿದಿದೆ. ಸೀಮೆಎಣ್ಣೆ ಸಾಕೇ?

ಸಾಲದು. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದರೆ ಮರದ ಮೈಗೆ ರಕ್ಷಣೆ, ಮಣ್ಣಿನೊಳಗಿನ ಗೂಡಿಗೆ ಏನೂ ಆಗದು. ನೆಲ ಮತ್ತು ಗೋಡೆ ಸೇರುವಲ್ಲಿ ಅಡಿಗೊಂದರಂತೆ ತೂತು ಕೊರೆದು, ತೂತಿಗೆ ಒಂದು ಲೀಟರ್‌ವರೆಗೆ ಗೆದ್ದಲಿನ ಔಷಧಿ ಇಳಿಸಬೇಕು. ಬಾವಿ ಹತ್ತಿರವಿದ್ದರೆ ಆ ಬದಿಗೆ ಬೇಡ. ಪಕ್ಕಾಸಿನ ಕೊನೆ ಗೋಡೆಯ ಮೇಲೆ ಕೂರುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಇಳಿದರೆ ಔಷಧಿ ಹೊಡೆಯುವ ಕಾಲ ಮುಗಿದಿದೆ, ಮರ ಬದಲಿಸಿ.

ಪ್ರಶ್ನೆ: ಪಾಯಿಖಾನೆ ಗುಂಡಿ ಬಾವಿಯಿಂದ ಎಂಟು ಮೀಟರ್ ದೂರದಲ್ಲಿದೆ. ನಡೆಯುತ್ತದೆಯೇ?

ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಕೆಂಪುಕಲ್ಲಿನ ತೂತುಗಳಲ್ಲಿ ನೀರು ಎತ್ತ ಓಡುತ್ತದೆಂದು ಮೇಲಿಂದ ಹೇಳಲಾಗದು, ಹಾಗಾಗಿ ನನ್ನ ಮಟ್ಟಿಗೆ ಅದೂ ಕಡಿಮೆಯೇ. ಮೊದಲ ಮಳೆ ಕಳೆದ ಮೇಲೆ ನೀರಿನ ಕೋಲಿಫಾರ್ಮ್ (ಕೊಳಕು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹೊಸ ಎಂಸಿಬಿ ಹಾಕಿದ್ದಾರೆ. ವಯರಿಂಗ್ ಹಳೆಯದಾದರೂ ಪರವಾಗಿಲ್ಲವೇ?

ಎಂಸಿಬಿ ಎಂದರೆ ಕರೆಂಟ್ ಹೆಚ್ಚು ಹರಿದಾಗ ಬೀಳುವ ಸ್ವಿಚ್, ಅದು ಕಾಯುವುದು ತಂತಿಯನ್ನು. ಮನುಷ್ಯನಿಗೆ ಶಾಕ್ ಹೊಡೆದಾಗ ಕರೆಂಟ್ ಕಡಿಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು, ಅರ್ಥಿಂಗ್ ಇರಬೇಕು. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್‌ನನ್ನು ವಾಪಸ್ ಕಳುಹಿಸಿ, ಒದ್ದೆಯಾದ ಲೈನ್ ಹುಡುಕಿ ಕೊಡುವವರನ್ನು ಕರೆಯಿರಿ.