ಬೋಫೋರ್ಸ್ ನಂತರದ ಫಿರಂಗಿಗಳು

ಪ್ರಶ್ನೆ: ಬೋಫೋರ್ಸ್ ಖರೀದಿಯಾದ ಮೇಲೆ ಸುಮಾರು ಮೂರು ದಶಕ ನಮ್ಮ ಸೇನೆಗೆ ಹೊಸ ದೊಡ್ಡ ಫಿರಂಗಿಯೇ ಬರಲಿಲ್ಲವೆಂದು ಓದಿದ್ದೇನೆ. ಈಗ ನೋಡಿದರೆ ಧನುಷ್, ವಜ್ರ, ಎಂ777, ಅಟ್ಯಾಗ್ಸ್ ಎಂದು ಹಲವು ಹೆಸರುಗಳು ಕೇಳಿಬರುತ್ತಿವೆ. ಒಳ್ಳೆಯದೊಂದನ್ನು ಆರಿಸಿಕೊಂಡರೆ ಸಾಲದೇ?

ಉತ್ತರ: ನಾನಾ ಬಗೆಯ ಫಿರಂಗಿಗಳಿಂದಾಗುವ ತೊಡಕು ಸೇನೆಗೆ ತಿಳಿಯದ್ದೇನಲ್ಲ. 1999ರಲ್ಲಿ ರೂಪುಗೊಂಡ ಫಿರಂಗಿ ಪಡೆಯ ಸುಧಾರಣಾ ಯೋಜನೆಯು 105, 122, 130 ಮಿ.ಮೀ. ವ್ಯಾಸದ ಹಳೆಯವುಗಳನ್ನು ಹಂತಹಂತವಾಗಿ ಕೈಬಿಟ್ಟು 155 ಮಿ.ಮೀ. ನಳಿಗೆಗೆ ಬರಬೇಕೆಂಬ ಗುರಿ ಇಟ್ಟುಕೊಂಡಿತ್ತು. ನೀವು ಹೆಸರಿಸಿದ ನಾಲ್ಕೂ ಹಾರಿಸುವುದು ಆ ಒಂದೇ ವ್ಯಾಸದ ಗುಂಡನ್ನು. ವ್ಯತ್ಯಾಸವಿರುವುದು ನಳಿಗೆಯ ಉದ್ದದಲ್ಲಿ ಮತ್ತು ಒಟ್ಟು ತೂಕದಲ್ಲಿ. ಬೋಫೋರ್ಸಿನ ನಳಿಗೆ ತನ್ನ ವ್ಯಾಸದ 39 ಪಟ್ಟು, ಎಂದರೆ ಸುಮಾರು 6 ಮೀಟರ್ ಉದ್ದವಿದೆ. ಧನುಷ್‌ನದು 45 ಪಟ್ಟು. ವಜ್ರ ಮತ್ತು ಅಟ್ಯಾಗ್ಸ್‌ಗಳದು 52 ಪಟ್ಟು, ಎಂದರೆ 8 ಮೀಟರಿಗೂ ತುಸು ಹೆಚ್ಚು. ಉದ್ದ ಹೆಚ್ಚಿದಷ್ಟೂ ಮದ್ದಿನ ಅನಿಲವು ಗುಂಡನ್ನು ಹೆಚ್ಚು ಹೊತ್ತು ದೂಡುವುದರಿಂದ ಅದು ಇನ್ನಷ್ಟು ದೂರ ಹೋಗುತ್ತದೆ, ಆದರೆ ಹೊರಬೇಕಾದ ಉಕ್ಕಿನ ಭಾರವೂ ಏರುತ್ತದೆ.

ಮರುಭೂಮಿ ಮತ್ತು ಹಿಮಾಲಯ ಎರಡನ್ನೂ ಕಾಯಬೇಕಾದ ಸೇನೆಗೆ ಈ ಭಾರವೇ ನಿರ್ಣಾಯಕ. ಟೈಟಾನಿಯಂ ಬಳಸಿ ಮಾಡಿದ ಎಂ777 ಸುಮಾರು 4.2 ಟನ್ ಮಾತ್ರ ತೂಗುವುದರಿಂದ, ರಸ್ತೆಯಿಲ್ಲದ ಬೆಟ್ಟದ ನೆತ್ತಿಗೂ ಅದನ್ನು ಚಿನೂಕ್ ಹೆಲಿಕಾಪ್ಟರಿನ ಕೆಳಗೆ ತೂಗುಹಾಕಿ ಒಯ್ಯಬಹುದು. ದಕ್ಷಿಣ ಕೊರಿಯಾದ ವಿನ್ಯಾಸವನ್ನು ಆಧರಿಸಿ ಗುಜರಾತಿನ ಹಜೀರಾದಲ್ಲಿ ತಯಾರಾಗುವ ವಜ್ರವಾದರೋ ಟ್ಯಾಂಕಿನಂತೆ ಸರಪಳಿ ಚಕ್ರಗಳ ಮೇಲೆ ತಾನೇ ಚಲಿಸುವ, 45 ಟನ್ನಿಗೂ ಮೀರಿದ ಯಂತ್ರ. ಮರುಭೂಮಿಗೆಂದೇ 100 ವಜ್ರಗಳನ್ನು ಕೊಳ್ಳಲಾಯಿತಾದರೂ ಮುಂದೆ ಕೆಲವನ್ನು ಲಡಾಖಿಗೂ ಒಯ್ದರು. 2024ರ ಡಿಸೆಂಬರಿನಲ್ಲಿ ಮತ್ತೆ 100ಕ್ಕೆ ಒಪ್ಪಂದವಾಯಿತು.

ಇನ್ನು ವಿಳಂಬದ ಮಾತು. 1986ರಲ್ಲಿ 410 ಬೋಫೋರ್ಸ್‌ಗಳಿಗೆ ಸಹಿಯಾಗಿ, ಮರುವರ್ಷವೇ ಲಂಚದ ಆರೋಪ ಸ್ಫೋಟಿಸಿದ ಮೇಲೆ, ಹೊಸ ಖರೀದಿಯ ಕಡತಕ್ಕೆ ಸಹಿ ಹಾಕುವುದೆಂದರೆ ಅಧಿಕಾರಿಗಳು ಹಿಂದೆಮುಂದೆ ನೋಡುವಂತಾಯಿತು. ಟೆಂಡರುಗಳು ಒಂದರ ಹಿಂದೊಂದು ರದ್ದಾದವು. ಕೆಲವು ವಿದೇಶಿ ಕಂಪನಿಗಳು ಕಪ್ಪುಪಟ್ಟಿಗೆ ಸೇರಿದವು. ಹೆಚ್ಚು ಖೇದದ ಸಂಗತಿ ಬೇರೆಯೇ ಇದೆ. ಒಪ್ಪಂದದ ಭಾಗವಾಗಿಯೇ ಬಂದಿದ್ದ ಬೋಫೋರ್ಸಿನ ತಾಂತ್ರಿಕ ದಾಖಲೆಗಳು ನಮ್ಮ ಕೈಯಲ್ಲೇ ಇದ್ದವು. 1999ರ ಕಾರ್ಗಿಲ್ ಯುದ್ಧದಲ್ಲಿ ಆ ಫಿರಂಗಿಯ ಯೋಗ್ಯತೆಯೂ ಸಾಬೀತಾಗಿತ್ತು. ಆದರೂ ಆ ದಾಖಲೆಗಳನ್ನು ಆಧರಿಸಿ ಜಬಲ್ಪುರದ ಕಾರ್ಖಾನೆ ತಯಾರಿಸಿದ ಮೊದಲ ಆರು ಧನುಷ್‌ಗಳು ಸೇನೆಯ ಕೈಸೇರಿದ್ದು 2019ರ ಏಪ್ರಿಲಿನಲ್ಲಿ. ಇದನ್ನು ಸಾಮರ್ಥ್ಯದ ಕೊರತೆಯೆನ್ನುವುದಕ್ಕಿಂತ ನಿರ್ಧಾರದ ಕೊರತೆಯೆನ್ನುವುದೇ ಸರಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2013ರಲ್ಲಿ ಕೈಗೆತ್ತಿಕೊಂಡ ಅಟ್ಯಾಗ್ಸ್ 2017ರಲ್ಲೇ ಪೋಖ್ರಾನ್ ಪರೀಕ್ಷೆಯಲ್ಲಿ 47 ಕಿ.ಮೀ. ದಾಟಿ ಗುಂಡು ಹಾರಿಸಿತ್ತು. 307 ಫಿರಂಗಿಗಳಿಗಾಗಿ ಭಾರತ್ ಫೋರ್ಜ್ ಮತ್ತು ಟಾಟಾ ಸಂಸ್ಥೆಗಳೊಡನೆ ಒಪ್ಪಂದವಾದದ್ದು 2025ರ ಮಾರ್ಚಿನಲ್ಲಿ. ಸುಮಾರು 18 ಟನ್ ತೂಗುವ ಇದು ಕಡಿದಾದ ಬೆಟ್ಟದ ದಾರಿಗೆ ಭಾರವಾಯಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ.

ಪ್ರಶ್ನೆ: ಬೆಟ್ಟದ ಮರೆಯಲ್ಲಿರುವ ಶತ್ರುವಿನ ಫಿರಂಗಿ ಎಲ್ಲಿದೆಯೆಂದು ಹೇಗೆ ತಿಳಿಯುತ್ತದೆ?

ಉತ್ತರ: ಫಿರಂಗಿ ಕಾಣದಿದ್ದರೂ ಬೆಟ್ಟದ ಮೇಲೆದ್ದು ಬರುವ ಗುಂಡು ರಾಡಾರಿಗೆ ಕಾಣುತ್ತದೆ. ಅದರ ಬಾಗಿದ ಪಥದ ಒಂದು ತುಣುಕನ್ನು ಅಳೆದ ರಾಡಾರು ಹಿಂದಕ್ಕೆ ಲೆಕ್ಕಹಾಕಿ ಹೊರಟ ಜಾಗವನ್ನೂ ಮುಂದಕ್ಕೆ ಲೆಕ್ಕಹಾಕಿ ಬೀಳುವ ಜಾಗವನ್ನೂ ತಿಳಿಸುತ್ತದೆ. ಕಾರ್ಗಿಲ್ ಸಮಯದಲ್ಲಿ ಇಂಥ ಅಮೆರಿಕನ್ ರಾಡಾರು ಪಾಕಿಸ್ತಾನದ ಬಳಿ ಇತ್ತು, ಅದಕ್ಕೆ ಸಮನಾದದ್ದು ನಮ್ಮಲ್ಲಿರಲಿಲ್ಲ. ಆ ಕೊರತೆ ತುಂಬಲು ಮೊದಲು ಅಮೆರಿಕದಿಂದಲೇ 12 ರಾಡಾರುಗಳನ್ನು ಕೊಳ್ಳಲಾಯಿತು. ಬಳಿಕ ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಮತ್ತು ಬಿಇಎಲ್ ಜೊತೆಗೂಡಿ ‘ಸ್ವಾತಿ’ಯನ್ನು ಸಿದ್ಧಪಡಿಸಿದವು. ಶತ್ರುವಿನ ಬಳಿಯೂ ಇಂಥ ರಾಡಾರು ಇರುವುದರಿಂದಲೇ, ಗುಂಡು ಹಾರಿಸಿದ ಕೂಡಲೇ ಜಾಗ ಬದಲಿಸಬಲ್ಲ ವಜ್ರದಂಥ ತಾನೇ ಚಲಿಸುವ ಫಿರಂಗಿಗೆ ಇಂದು ಹೆಚ್ಚಿನ ಬೇಡಿಕೆಯಿದೆ.