‘ಒಪ್ಪಿದ್ದಾಳೆ’ ಎಂಬ ಒಂದೇ ಮಾತು

ಪತ್ರದ ಸಾರ: ‘ನನ್ನ ಹೆಂಡತಿಯ ಗರ್ಭಕೋಶ ತೆಗೆದಿದ್ದಾರೆ. ನಮ್ಮ ಮಗುವನ್ನು ಹೊರಲು ನಾದಿನಿ ಒಪ್ಪಿದ್ದಾಳೆ. ಅಂಡಾಣು ನಮ್ಮದು, ವೀರ್ಯ ನಮ್ಮದು, ಖರ್ಚೂ ನಮ್ಮದು. ಆದರೂ ಮೆಡಿಕಲ್ ಬೋರ್ಡು, ಕೋರ್ಟು, ವಿಮೆ ಅಂತ ಅಲೆಸುತ್ತಿದ್ದಾರೆ. ಊರಿಗೆ ಗೊತ್ತಾಗದ ಹಾಗೆ ಮುಗಿಸಿಕೊಳ್ಳುವ ಹಕ್ಕೂ ನಮಗಿಲ್ಲವೆ? ದೇವಕಿಯ ಗರ್ಭ ರೋಹಿಣಿಗೆ ಹೋದಾಗ ಯಾವ ಕೋರ್ಟು ಕೇಳಿತ್ತು?’
– ಹಾವೇರಿ ಜಿಲ್ಲೆಯ ಓದುಗರು (ಹೆಸರು ಬೇಡವೆಂದಿದ್ದಾರೆ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಯಾರೂ ಕೇಳಲಿಲ್ಲ, ನಿಜ. ರೋಹಿಣಿಯನ್ನೂ ಕೇಳಲಿಲ್ಲ.

ನಿಮ್ಮ ಅಲೆದಾಟದ ಬಗ್ಗೆ ನನಗೆ ಮರುಕವಿದೆ. ಸರೊಗಸಿ, ಅಂದರೆ ಇನ್ನೊಬ್ಬರಿಗಾಗಿ ಮಗುವನ್ನು ಹೊತ್ತು ಹೆತ್ತುಕೊಡುವುದರ ಕುರಿತ 2021ರ ಕಾಯ್ದೆ 2022ರ ಜನವರಿ 25ಕ್ಕೆ ಜಾರಿಗೆ ಬಂತು. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ ಎಂದು ಅದು ಎಳೆದ ಗೆರೆ ಎಷ್ಟೋ ಜನರನ್ನು ಕೋರ್ಟಿಗೆ ಹತ್ತಿಸಿದೆ. ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿಯ ಅರ್ಜಿಯನ್ನು, ಗಂಡನಿಗೆ 57 ಆಗಿದ್ದರೂ, ಪರಿಗಣಿಸಿ ಎಂದು 2023ರಲ್ಲಿ ನಮ್ಮ ಹೈಕೋರ್ಟು ಹೇಳಬೇಕಾಯಿತು. ಕಾಯ್ದೆ ಬರುವ ಮೊದಲೇ ಭ್ರೂಣವನ್ನು ಶೈತ್ಯದಲ್ಲಿ ಇಡಿಸಿದ್ದವರಿಗೆ ಈ ವಯೋಮಿತಿ ಅನ್ವಯಿಸದು ಎಂದು 2025ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ತೀರ್ಪಿತ್ತಿತು. ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಹೇಳಿದೆ. ಇನ್ನು ಜಗಳ.

ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ‘ನಮ್ಮದು’ಗಳನ್ನು ಎಣಿಸಲು ಹೋಗಿ ಸೋತೆ. ನಾದಿನಿ ಬರುವುದು ಒಂದೇ ಸಲ, ‘ಒಪ್ಪಿದ್ದಾಳೆ’ ಎಂಬ ಕ್ರಿಯಾಪದದ ಜೊತೆ. ನೀವು ಬೈಯುವ ಕಾಗದಗಳಲ್ಲಿ ಹೆಚ್ಚಿನವು ಇರುವುದು ಆಕೆಗಾಗಿ ಮತ್ತು ಇನ್ನೂ ಹುಟ್ಟದ ಕೂಸಿಗಾಗಿ. ಹೊರುವಾಕೆಗೆ 25ರಿಂದ 35 ವಯಸ್ಸಿರಬೇಕು, ಮದುವೆಯಾಗಿರಬೇಕು, ಸ್ವಂತ ಮಗುವಿರಬೇಕು. ಜೀವಮಾನದಲ್ಲಿ ಒಂದೇ ಸಲ. ಹೆರಿಗೆಯ ನಂತರದ ತೊಂದರೆಗಳಿಗೂ ಒದಗುವಂತೆ 36 ತಿಂಗಳ ವಿಮೆ ಮಾಡಿಸಬೇಕು, ಅದು ನಿಮ್ಮ ಹೊಣೆ. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಗಳಿಗೆಯವರೆಗೂ ಆಕೆ ‘ಬೇಡ ಭಾವ’ ಅನ್ನಬಹುದು. ಅಂದರೆ ಅಲ್ಲಿಗೆ ಮುಗಿಯಿತು.

ಕೋರ್ಟು ಯಾಕೆ ಅಂತೀರಿ. 2008ರಲ್ಲಿ ಗುಜರಾತಿನ ಆಣಂದ್‌ನಲ್ಲಿ ಮಂಜಿ ಎಂಬ ಹೆಣ್ಣುಕೂಸು ಹುಟ್ಟಿತು. ಜಪಾನಿನ ದಂಪತಿಗಾಗಿ ಇಲ್ಲಿಯ ಹೆಂಗಸೊಬ್ಬಳು ಹೊತ್ತ ಮಗು. ಅಂಡಾಣು ಕೊಟ್ಟವಳು ಇನ್ನೊಬ್ಬಳು. ಕೂಸು ಹೊರಗೆ ಬರುವಷ್ಟರಲ್ಲಿ ಆ ಗಂಡಹೆಂಡಿರು ಬೇರೆಯಾಗಿದ್ದರು. ತಾಯಿ ಎನ್ನಬಹುದಾದವರು ಮೂವರಿದ್ದೂ ಅಮ್ಮ ಅನ್ನಿಸಿಕೊಳ್ಳಲು ಯಾರೂ ಇರಲಿಲ್ಲ. ಜಪಾನಿನಿಂದ ಅಜ್ಜಿ ಬಂದು ಕಾದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈಗ ದಂಪತಿ ಮತ್ತು ಹೊರುವಾಕೆ ಇಬ್ಬರೂ ಅರ್ಜಿ ಹಾಕಿ, ಮಗು ಯಾರದೆಂದು ಮ್ಯಾಜಿಸ್ಟ್ರೇಟರಿಂದ ಮೊದಲೇ ಆದೇಶ ಪಡೆಯಬೇಕು. ಹುಟ್ಟಿದ ಮೇಲೆ ಅಂಗವೈಕಲ್ಯವಿದೆ, ಹೆಣ್ಣಾಯಿತು, ನಮ್ಮಿಬ್ಬರಿಗೆ ಸರಿಬರಲಿಲ್ಲ ಎಂದು ಕೈಬಿಡುವಂತಿಲ್ಲ. ಬಿಟ್ಟರೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ನೀವು ಅಂಥವರಲ್ಲ ಎಂಬುದು ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಆದರೆ ನಿಮ್ಮ ಅಕ್ಷರ ನೋಡಿ ಕಾಯ್ದೆ ಬರೆಯಲಾಗುವುದಿಲ್ಲವಲ್ಲ.

ಇನ್ನು ಗುಟ್ಟಿನ ವಿಚಾರ. ಇದರಲ್ಲಿ ನಾನು ಸ್ವಲ್ಪ ಹಟಮಾರಿ, ಕಾರಣವಿದೆ. ಕೆಲವು ವರ್ಷದ ಹಿಂದೆ ಬಂಧುಗಳ ಮನೆಯ ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲಿಗೆ ಮಲ್ಲಿಗೆ, ಹೋಳಿಗೆ ಊಟ, ಫೋಟೋದವನ ಗದ್ದಲ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಆ ಮನೆಯ ಕಿರಿಸೊಸೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಕುಪ್ಪಸದ ಮುಂಭಾಗ ತೊಯ್ದು ಸೆರಗಿಗೂ ಹತ್ತಿತ್ತು. ಒಳಗೆ ಕೂಸು ಅತ್ತಾಗಲೆಲ್ಲ ಎದೆ ಸೋರುತ್ತಿತ್ತು. ‘ಹೊರಗೆ ಬರಬೇಡ, ಜನ ಏನಂದುಕೊಂಡಾರು’ ಅಂತ ಅಪ್ಪಣೆಯಾಗಿತ್ತಂತೆ. ಓರಗಿತ್ತಿಗೆ ಹೆತ್ತು ಕೊಟ್ಟವಳು! ಒಳಗೆ ಬಂದವರಿಗೆಲ್ಲ ‘ದೇವರ ದಯೆ’ ಎನ್ನುತ್ತಿದ್ದರು. ನಾನು ಆ ದಿನ ಹೋಳಿಗೆ ತಿಂದೇ ಬಂದೆ, ಒಂದು ಮಾತೂ ಆಡಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಊರಿಗೆಲ್ಲ ಡಂಗುರ ಸಾರಿ ಎನ್ನುತ್ತಿಲ್ಲ. ಮಗುವಿಗೆ ಹೇಳಲೇಬೇಕೆಂದು ಕಾಯ್ದೆಯೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಅದು ಎಲ್ಲ ವಿಧದಲ್ಲೂ ನಿಮ್ಮದೇ ಮಗು, ಹಕ್ಕುಗಳೆಲ್ಲ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನವೇ. ಚಿಕ್ಕಮ್ಮ ಹೊತ್ತಳೆಂದು ತಿಳಿದರೆ ಅದರಲ್ಲಿ ಒಂದು ಕೂದಲೂ ಕಡಿಮೆಯಾಗದು.

ಗುಟ್ಟು ಎಲ್ಲಿಂದ ಹುಟ್ಟುತ್ತದೆಂದು ನನಗೂ ಗೊತ್ತು. ಮದುವೆ ಛತ್ರದಲ್ಲಿ ಎಲೆಯ ಮುಂದೆ ಕೂತವರನ್ನು ‘ಏನಾದ್ರೂ ವಿಶೇಷ?’ ಎಂದು ಕೇಳುವ ನಾಲಗೆಗಳಿಂದ. ಅದೇ ನಾಲಗೆಗಳು ‘ಬಾಡಿಗೆ ತಾಯಿ’ ಎನ್ನುತ್ತವೆ. ವೈದ್ಯಕೀಯ ಖರ್ಚು ಮತ್ತು ವಿಮೆ ಬಿಟ್ಟು ಬಿಡಿಗಾಸು ಕೊಡಕೂಡದೆಂದು ಹೇಳುವ ಕಾಯ್ದೆಗೆ ಕನ್ನಡ ಪತ್ರಿಕೆಗಳು ಇಟ್ಟ ಹೆಸರು ‘ಬಾಡಿಗೆ ತಾಯ್ತನ ಕಾಯ್ದೆ’! ನಮ್ಮ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆ. ಮನೆಯನ್ನಾದರೂ ಬಾಡಿಗೆಗೆ ಕೊಟ್ಟವನು ತಿಂಗಳಿಗೊಮ್ಮೆ ಬಂದು ದುಡ್ಡು ಎಣಿಸಿಕೊಂಡು ಹೋಗುತ್ತಾನೆ.

ನಿಮ್ಮ ಹೆಂಡತಿ ನೌಕರಿಯಲ್ಲಿದ್ದರೆ, ಮಗು ಕೈಗೆ ಬಂದ ದಿನದಿಂದ 12 ವಾರ ರಜೆ ಕೇಳಬಹುದು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಬಂದ ಹಕ್ಕು, ಬಿಡಬೇಡಿ. ಇನ್ನು ನಾದಿನಿಯ ಬಗ್ಗೆ ಬರೆಯಿರಿ. ಹೆಸರೇನು? ಅವರ ಮಗು ಎಷ್ಟನೇ ಕ್ಲಾಸು? ಏಳನೇ ತಿಂಗಳಲ್ಲಿ ಅದನ್ನು ಶಾಲೆಗೆ ಬಿಟ್ಟುಬರುವವರು ಯಾರು, ನೀವೇ ತಾನೆ?